ಕೈಗಾರಿಕಾ ಸ್ಥಾವರ ಯೋಜನೆಗಳಲ್ಲಿ ಹಂಚಿಕೆಯ ಡಿಜಿಟಲ್ ದಾಖಲೆಗಳು ಮತ್ತು ಇಂಧನ ಮಿತವ್ಯಯ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಹೊಸ ಕಾರ್ಖಾನೆಯನ್ನು ಸ್ಥಾಪಿಸುವ, ಇರುವ ಕಾರ್ಖಾನೆಯನ್ನು ವಿಸ್ತರಿಸುವ ಅಥವಾ ಯಂತ್ರೋಪಕರಣಗಳಲ್ಲಿ ಬದಲಾವಣೆ ಮಾಡುವ ಉದ್ದೇಶವುಳ್ಳ ಅರ್ಜಿದಾರರು ಸಂಬಂಧಪಟ್ಟ ಪ್ರಾಧಿಕಾರಗಳಿಗೆ ನಕ್ಷೆಗಳನ್ನು, ಯಂತ್ರೋಪಕರಣಗಳ ಪಟ್ಟಿಯನ್ನು ಹಾಗೂ ಉತ್ಪಾದನಾ ಪ್ರಕ್ರಿಯೆಯ ವಿವರಣೆಯನ್ನು ಸಲ್ಲಿಸಬೇಕಾಗುತ್ತದೆ. ಅನುಮೋದನೆ ದೊರೆತ ಕೂಡಲೇ ಈ ದಾಖಲೆಗಳ ಕೆಲಸ ಮುಗಿಯಿತೆಂದು ಭಾವಿಸಿ ಅವುಗಳನ್ನು ಕಪಾಟಿನಲ್ಲಿ ಇರಿಸಿಬಿಡುವುದುಂಟು. ಆದರೆ ಸ್ಥಾವರವು ಚಾಲನೆಯಲ್ಲಿರುವ ಅಷ್ಟೂ ವರ್ಷ ಅದರ ದುರಸ್ತಿ, ಸುರಕ್ಷತೆ ಹಾಗೂ ಇಂಧನ ಬಳಕೆಯ ನಿರ್ವಹಣೆ ಇದೇ ದಾಖಲೆಗಳನ್ನು ಅವಲಂಬಿಸಿರುತ್ತದೆ.

ಈ ಪುಟದಲ್ಲಿ ಸ್ಥಾವರ ದಾಖಲೆಗಳನ್ನು ಡಿಜಿಟಲ್ ರೂಪದಲ್ಲಿ, ಎಲ್ಲರಿಗೂ ಸಮಾನವಾಗಿ ಲಭ್ಯವಾಗುವ ಒಂದೇ ಕಡತಸಂಗ್ರಹದಲ್ಲಿ ನಿರ್ವಹಿಸುವ ಕ್ರಮ, ಅದರಿಂದ ಇಂಧನ ಉಳಿತಾಯಕ್ಕೆ ಆಗುವ ಸಹಾಯ ಹಾಗೂ ದಾಖಲೆ ವ್ಯವಸ್ಥೆಯನ್ನೇ ಮಿತವಾದ ವಿದ್ಯುತ್ತಿನಲ್ಲಿ ನಡೆಸುವ ಬಗೆಯನ್ನು ವಿವರಿಸಲಾಗಿದೆ. ಸಣ್ಣ ಕಾರ್ಖಾನೆಗಳ ಮಾಲೀಕರಿಗೂ ಅನುಕೂಲವಾಗುವಂತೆ ದುಬಾರಿ ತಂತ್ರಾಂಶದ ಅಗತ್ಯವಿಲ್ಲದ ಕ್ರಮಗಳಿಗೆ ಆದ್ಯತೆ ನೀಡಲಾಗಿದೆ.

2. ಸ್ಥಾವರ ದಾಖಲೆಗಳು ಯಾವುವು?

ಒಂದು ಕೈಗಾರಿಕಾ ಸ್ಥಾವರದ ಮುಖ್ಯ ಎಂಜಿನಿಯರಿಂಗ್ ದಾಖಲೆಗಳು ಈ ಕೆಳಕಂಡಂತಿವೆ:

(ಅ) ಪ್ರಕ್ರಿಯಾ ನಕ್ಷೆ: ಕಚ್ಚಾವಸ್ತು ಎಲ್ಲಿಂದ ಬಂದು ಯಾವ ಹಂತಗಳನ್ನು ದಾಟಿ ಉತ್ಪನ್ನವಾಗುತ್ತದೆ ಎಂಬುದನ್ನೂ, ಪ್ರತಿ ಹಂತದ ಹರಿವು, ತಾಪಮಾನ ಮತ್ತು ಒತ್ತಡಗಳನ್ನೂ ತೋರಿಸುವ ನಕ್ಷೆ. ದ್ರವ್ಯ ಮತ್ತು ಶಾಖದ ಲೆಕ್ಕಪಟ್ಟಿಯು ಇದರ ಜೊತೆಗಿರುತ್ತದೆ.

(ಆ) ಪೈಪಿಂಗ್ ಮತ್ತು ಇನ್‌ಸ್ಟ್ರುಮೆಂಟೇಷನ್ ನಕ್ಷೆ: ಪ್ರತಿಯೊಂದು ಕೊಳವೆ, ಕವಾಟ, ಪಂಪು, ಮಾಪಕ ಹಾಗೂ ಸುರಕ್ಷತಾ ಸಾಧನವನ್ನು ಅದರ ಗುರುತು ಸಂಖ್ಯೆಯೊಡನೆ ತೋರಿಸುವ ನಕ್ಷೆ. ಎಂಜಿನಿಯರುಗಳು ಇದನ್ನು ಪಿ ಅಂಡ್ ಐಡಿ ಎಂದು ಕರೆಯುತ್ತಾರೆ. ಸ್ಥಾವರದ ಕೆಲಸಗಾರರು ಹೆಚ್ಚಾಗಿ ಬಳಸುವ ದಾಖಲೆ ಇದೇ ಆಗಿರುತ್ತದೆ.

(ಇ) ಯಂತ್ರೋಪಕರಣಗಳ ಮಾಹಿತಿ ಹಾಳೆಗಳು: ಪಂಪು, ಮೋಟಾರು, ಬಾಯ್ಲರು, ಶಾಖ ವಿನಿಮಯಕ ಮುಂತಾದವುಗಳ ಸಾಮರ್ಥ್ಯ, ದಕ್ಷತೆ ಮತ್ತು ವಿನ್ಯಾಸದ ಮಿತಿಗಳ ವಿವರ.

(ಈ) ಕೊಳವೆಗಳ ಪಟ್ಟಿ, ಕವಾಟಗಳ ಪಟ್ಟಿ, ಉಗಿಬಲೆಗಳ ಪಟ್ಟಿ ಮತ್ತು ಶಾಖನಿರೋಧಕ ಹೊದಿಕೆಯ ವಿವರ. ಉಗಿಯ ಕೊಳವೆಯಿಂದ ನೀರನ್ನು ಮಾತ್ರ ಹೊರಬಿಟ್ಟು ಉಗಿಯನ್ನು ಒಳಗೇ ತಡೆಯುವ ಸಾಧನಕ್ಕೆ ಉಗಿಬಲೆ ಎಂದು ಹೆಸರು.

(ಉ) ವಿದ್ಯುತ್ ಏಕರೇಖಾ ನಕ್ಷೆ, ಕಟ್ಟಡದ ನಕ್ಷೆ, ಯಂತ್ರಗಳ ವಿನ್ಯಾಸ ನಕ್ಷೆ ಮತ್ತು ಕಾರ್ಯಾಚರಣೆಯ ಕೈಪಿಡಿ.

ನಿರ್ಮಾಣ ಪೂರ್ಣಗೊಂಡ ನಂತರ ಸ್ಥಳದಲ್ಲಿ ನಿಜವಾಗಿ ಇರುವುದನ್ನು ತೋರಿಸುವಂತೆ ತಿದ್ದಿದ ನಕ್ಷೆಯನ್ನು 'ನಿರ್ಮಿತ ಸ್ಥಿತಿಯ ನಕ್ಷೆ' ಎನ್ನಲಾಗುತ್ತದೆ. ಕಾಗದದ ಮೇಲಿನ ವಿನ್ಯಾಸಕ್ಕೂ ನಿರ್ಮಿತ ಸ್ಥಿತಿಗೂ ಅಂತರ ಉಳಿದಾಗ ನಷ್ಟ ಮತ್ತು ಅಪಾಯ ಎರಡೂ ಆರಂಭವಾಗುತ್ತವೆ.

3. ದಾಖಲೆ ಇಲ್ಲದಿದ್ದಾಗ, ಇದ್ದೂ ತಲುಪದಿದ್ದಾಗ

ದಾಖಲೆಗಳ ಮಹತ್ವವನ್ನು ಅರಿಯಲು ಬಹಿರಂಗ ವಿಚಾರಣೆಗಳಲ್ಲಿ ದೃಢಪಟ್ಟ ಎರಡು ದುರಂತಗಳನ್ನು ಗಮನಿಸಬಹುದು.

*ಫ್ಲಿಕ್ಸ್‌ಬರೊ, ಇಂಗ್ಲೆಂಡ್, 1974:* ಇಲ್ಲಿನ ರಾಸಾಯನಿಕ ಸ್ಥಾವರದಲ್ಲಿ ಸೈಕ್ಲೋಹೆಕ್ಸೇನ್ ಎಂಬ ದಹ್ಯ ದ್ರವವನ್ನು ಸಾಲಾಗಿ ಜೋಡಿಸಿದ 6 ರಿಯಾಕ್ಟರುಗಳ ಮೂಲಕ ಹಾಯಿಸಲಾಗುತ್ತಿತ್ತು. 1974ರ ಮಾರ್ಚ್ ತಿಂಗಳಲ್ಲಿ 5ನೆಯ ರಿಯಾಕ್ಟರಿನಲ್ಲಿ ಬಿರುಕು ಕಂಡುಬಂದುದರಿಂದ ಅದನ್ನು ತೆಗೆದು, 4ನೆಯ ಮತ್ತು 6ನೆಯ ರಿಯಾಕ್ಟರುಗಳ ನಡುವೆ ತಾತ್ಕಾಲಿಕ ಬದಲಿ ಕೊಳವೆಯನ್ನು ಜೋಡಿಸಲಾಯಿತು. ರಿಯಾಕ್ಟರುಗಳ ಬಾಯಿ 28 ಅಂಗುಲ ವ್ಯಾಸದ್ದಾಗಿದ್ದರೆ ಜೋಡಿಸಿದ ಕೊಳವೆ 20 ಅಂಗುಲದ್ದಾಗಿತ್ತು. ಆ ಕೊಳವೆಗೆ ಇದ್ದ ಏಕೈಕ ನಕ್ಷೆಯೆಂದರೆ ಕಾರ್ಯಾಗಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಪೂರ್ಣಗಾತ್ರದ ಚಿತ್ರ. ಜೂನ್ 1ರಂದು ಕೊಳವೆ ಕಳಚಿ ಹೊರಬಿದ್ದ ಆವಿ ಸ್ಫೋಟಗೊಂಡು 28 ಮಂದಿ ಮೃತಪಟ್ಟರು. ಸೀಮೆಸುಣ್ಣದ ಚಿತ್ರವನ್ನು ಪರಿಶೀಲಿಸಲು, ಲೆಕ್ಕ ಹಾಕಲು ಅಥವಾ ಪ್ರಶ್ನಿಸಲು ಬೇರೆಯವರಿಗೆ ಅವಕಾಶವೇ ಇರಲಿಲ್ಲ.

*ಪೈಪರ್ ಆಲ್ಫಾ, ಉತ್ತರ ಸಮುದ್ರ, 1988:* ಈ ತೈಲ ವೇದಿಕೆಯಲ್ಲಿ ದಾಖಲೆ ಇತ್ತು. ಅದು ಬೇಕಾದವರ ಕೈಗೆ ತಲುಪಿರಲಿಲ್ಲ. ಒಂದು ಪಂಪಿನ ಸುರಕ್ಷತಾ ಕವಾಟವನ್ನು ತಪಾಸಣೆಗೆಂದು ತೆಗೆಯಲಾಗಿತ್ತು. ಅದರ ಕೆಲಸದ ಪರವಾನಗಿ ಪತ್ರವು ನಿಯಂತ್ರಣ ಕೊಠಡಿಯಲ್ಲಿ ಇರದೆ ಬೇರೊಂದು ಕಚೇರಿಯಲ್ಲಿತ್ತು. ಜುಲೈ 6ರ ರಾತ್ರಿ ಮತ್ತೊಂದು ಪಂಪು ನಿಂತುಹೋದಾಗ, ಪಾಳಿಯಲ್ಲಿದ್ದವರು ಕವಾಟವಿಲ್ಲವೆಂಬುದನ್ನು ಅರಿಯದೆ ಮೊದಲ ಪಂಪನ್ನು ಚಾಲನೆ ಮಾಡಿದರು. ಅನಿಲ ಸೋರಿ ಸ್ಫೋಟ ಸಂಭವಿಸಿ 167 ಮಂದಿ ಮೃತಪಟ್ಟರು. 1990ರಲ್ಲಿ ಪ್ರಕಟವಾದ ಲಾರ್ಡ್ ಕಲೆನ್ ವಿಚಾರಣಾ ವರದಿಯು 106 ಶಿಫಾರಸುಗಳನ್ನು ಮಾಡಿತು.

ಮೊದಲನೆಯದರಲ್ಲಿ ದಾಖಲೆಯೇ ಇರಲಿಲ್ಲ. ಎರಡನೆಯದರಲ್ಲಿ ದಾಖಲೆ ಇತ್ತು, ಹಂಚಿಕೆ ಇರಲಿಲ್ಲ. ಹಂಚಿಕೆಯ ದಾಖಲೆ ವ್ಯವಸ್ಥೆಯ ಉದ್ದೇಶವು ಈ ಎರಡೂ ಕೊರತೆಗಳನ್ನು ನಿವಾರಿಸುವುದಾಗಿದೆ.

4. ಹಂಚಿಕೆಯ ಡಿಜಿಟಲ್ ದಾಖಲೆ ವ್ಯವಸ್ಥೆಯ ಸ್ವರೂಪ

ನಕ್ಷೆಗಳನ್ನು ಗಣಕಯಂತ್ರದಲ್ಲಿ ಇರಿಸಿದ ಮಾತ್ರಕ್ಕೆ ಅದು ಹಂಚಿಕೆಯ ವ್ಯವಸ್ಥೆ ಆಗುವುದಿಲ್ಲ. ವಿನ್ಯಾಸಕಾರರ ಬಳಿ ಒಂದು ಪ್ರತಿ, ಗುತ್ತಿಗೆದಾರರ ಬಳಿ ಇನ್ನೊಂದು, ನಿರ್ವಹಣಾ ವಿಭಾಗದಲ್ಲಿ ಮತ್ತೊಂದು ಪ್ರತಿ ಇದ್ದು, ಮೂರೂ ಬೇರೆ ಬೇರೆಯಾಗಿ ತಿದ್ದಲ್ಪಟ್ಟರೆ ಕಾಗದದ ಕಾಲದ ಗೊಂದಲವೇ ವೇಗವಾಗಿ ಬೆಳೆಯುತ್ತದೆ. ಉತ್ತಮ ವ್ಯವಸ್ಥೆಯು ಈ ಕೆಳಕಂಡ ಲಕ್ಷಣಗಳನ್ನು ಹೊಂದಿರತಕ್ಕದ್ದು:

(ಅ) ಒಂದೇ ಮೂಲಪ್ರತಿ. ಪ್ರತಿ ದಾಖಲೆಗೆ ಅಧಿಕೃತವಾದ ಒಂದೇ ಪ್ರತಿ, ಒಂದೇ ಸ್ಥಳದಲ್ಲಿ ಇರಬೇಕು. ಇತರರಿಗೆ ಕಡತವನ್ನು ಕಳುಹಿಸುವ ಬದಲು ಅದರ ಕೊಂಡಿಯನ್ನು ಕಳುಹಿಸಬೇಕು.

(ಆ) ಒಂದೇ ಗುರುತು ಸಂಖ್ಯೆ. ಪಂಪಿನ ಮೇಲಿರುವ ಫಲಕ, ನಕ್ಷೆ, ಮಾಹಿತಿ ಹಾಳೆ, ಬಿಡಿಭಾಗಗಳ ಪಟ್ಟಿ, ದುರಸ್ತಿ ದಾಖಲೆ ಎಲ್ಲದರಲ್ಲಿಯೂ ಒಂದೇ ಸಂಖ್ಯೆ ಇರಬೇಕು.

(ಇ) ಸ್ಥಿತಿಯ ಸ್ಪಷ್ಟ ನಮೂದು. ಕಟ್ಟಡ ಮತ್ತು ಮೂಲಸೌಕರ್ಯಗಳ ಮಾಹಿತಿ ನಿರ್ವಹಣೆಗಾಗಿ 2018ರಲ್ಲಿ ಹೊರಡಿಸಲಾದ ಐಎಸ್‌ಒ 19650 ಮಾನಕವು ದಾಖಲೆಗೆ ನಾಲ್ಕು ಸ್ಥಿತಿಗಳನ್ನು ಹೇಳುತ್ತದೆ: ತಯಾರಿಯಲ್ಲಿರುವುದು, ಹಂಚಿಕೆಯಾದುದು, ಪ್ರಕಟಿತವಾದುದು ಮತ್ತು ಸಂಗ್ರಹಕ್ಕೆ ಸೇರಿದುದು. ಸ್ಥಾವರ ಯೋಜನೆಗಳಿಗೂ ಈ ಕ್ರಮ ಹೊಂದುತ್ತದೆ. ಪ್ರಕಟಿತ ಸ್ಥಿತಿಯಲ್ಲಿರುವ ನಕ್ಷೆಯನ್ನು ಮಾತ್ರ ನಿರ್ಮಾಣಕ್ಕೆ ಮತ್ತು ಅರ್ಜಿಗೆ ಬಳಸತಕ್ಕದ್ದು.

(ಈ) ಪರಿಷ್ಕರಣೆಯ ಇತಿಹಾಸ. ಯಾರು, ಯಾವ ದಿನಾಂಕದಂದು, ಏನನ್ನು, ಯಾವ ಕಾರಣಕ್ಕಾಗಿ ಬದಲಿಸಿದರು ಹಾಗೂ ಯಾರು ಅನುಮೋದಿಸಿದರು ಎಂಬ ವಿವರ ನಕ್ಷೆಯಲ್ಲಿಯೇ ಇರಬೇಕು.

(ಉ) ಪ್ರವೇಶದ ಹಕ್ಕುಗಳು. ಓದುವ ಹಕ್ಕು ಕೆಲಸಕ್ಕೆ ಸಂಬಂಧಿಸಿದ ಎಲ್ಲರಿಗೂ, ತಿದ್ದುವ ಹಕ್ಕು ನಿಯೋಜಿತರಾದ ಕೆಲವರಿಗೆ ಮಾತ್ರ ಇರಬೇಕು.

(ಊ) ತಂತ್ರಾಂಶದಿಂದ ಸ್ವತಂತ್ರವಾದ ರೂಪ. ಸ್ಥಾವರವು 30 ಅಥವಾ 40 ವರ್ಷ ನಡೆಯಬಹುದು. ಒಂದು ತಂತ್ರಾಂಶದ ಆವೃತ್ತಿ ಅಷ್ಟು ಕಾಲ ಉಳಿಯುವುದಿಲ್ಲ. ಆದ್ದರಿಂದ ಮೂಲ ಕಡತದ ಜೊತೆಗೆ ದೀರ್ಘಕಾಲದ ಸಂಗ್ರಹಕ್ಕಾಗಿ 2005ರಲ್ಲಿ ಮಾನಕವಾದ ಪಿಡಿಎಫ್/ಎ ರೂಪದ ಪ್ರತಿಯನ್ನೂ ಇರಿಸುವುದು ಸೂಕ್ತ. ದೊಡ್ಡ ಸ್ಥಾವರಗಳಲ್ಲಿ ಬೇರೆ ಬೇರೆ ತಂತ್ರಾಂಶಗಳ ನಡುವೆ ಮಾಹಿತಿ ವಿನಿಮಯಕ್ಕಾಗಿ ಐಎಸ್‌ಒ 15926 ಎಂಬ ಮಾನಕ ಲಭ್ಯವಿದೆ.

5. ಇಂಧನ ಮಿತವ್ಯಯಕ್ಕೆ ದಾಖಲೆಗಳು ಹೇಗೆ ನೆರವಾಗುತ್ತವೆ?

5.1 ವಿನ್ಯಾಸದ ಹಂತದಲ್ಲಿ. ಹಲವು ವಿಭಾಗಗಳು ಒಂದೇ ಮಾಹಿತಿ ಹಾಳೆಯನ್ನು ನೋಡದಿದ್ದಾಗ ಪ್ರತಿಯೊಬ್ಬರೂ ತಮ್ಮ ಎಚ್ಚರಿಕೆಗಾಗಿ ಸ್ವಲ್ಪ ಹೆಚ್ಚಿನ ಸಾಮರ್ಥ್ಯವನ್ನು ಸೇರಿಸುತ್ತಾರೆ. ಹಿಂದಿನವರು ಈಗಾಗಲೇ ಸೇರಿಸಿರುವುದು ಮುಂದಿನವರಿಗೆ ತಿಳಿಯುವುದಿಲ್ಲ.

*ಉದಾಹರಣೆ:* ಗಂಟೆಗೆ 100 ಘನ ಮೀಟರ್ ನೀರನ್ನು 40 ಮೀಟರ್ ಎತ್ತರಕ್ಕೆ ಸಮನಾದ ಒತ್ತಡದಲ್ಲಿ ಸಾಗಿಸಬೇಕಾಗಿದೆ ಎಂದು ಭಾವಿಸೋಣ. ಪಂಪಿನ ದಕ್ಷತೆ ಶೇ. 70 ಆದಲ್ಲಿ ಅದಕ್ಕೆ ಸುಮಾರು 15.6 ಕಿಲೋವ್ಯಾಟ್ ಶಕ್ತಿ ಬೇಕು. ಪ್ರಕ್ರಿಯಾ ಎಂಜಿನಿಯರರು ಒತ್ತಡಕ್ಕೆ ಶೇ. 10 ಸೇರಿಸಿ, ಅದನ್ನು ತಿಳಿಯದ ಯಾಂತ್ರಿಕ ಎಂಜಿನಿಯರರು ಪುನಃ ಶೇ. 10 ಸೇರಿಸಿದರೆ 40 ಮೀಟರ್ 48.4 ಮೀಟರ್ ಆಗುತ್ತದೆ. ಅದೇ ಹರಿವಿಗೆ ಸುಮಾರು 18.8 ಕಿಲೋವ್ಯಾಟ್ ಬೇಕಾಗುತ್ತದೆ. ಹೆಚ್ಚುವರಿ ಒತ್ತಡವನ್ನು ಕವಾಟವನ್ನು ಅರೆ ಮುಚ್ಚಿ ಕಳೆಯಬೇಕಾಗುತ್ತದೆ. ವರ್ಷಕ್ಕೆ 8,000 ಗಂಟೆ ನಡೆಯುವ ಇಂತಹ ಒಂದು ಪಂಪಿನಲ್ಲಿ ಸುಮಾರು 26,000 ಯೂನಿಟ್ ಶಕ್ತಿ ವ್ಯರ್ಥವಾಗುತ್ತದೆ. ಎಷ್ಟು ಅಂಚನ್ನು, ಯಾರು, ಏಕೆ ಸೇರಿಸಿದರು ಎಂಬ ಒಂದು ಸಾಲು ಹಂಚಿಕೆಯ ಮಾಹಿತಿ ಹಾಳೆಯಲ್ಲಿ ಇದ್ದಿದ್ದರೆ ಎರಡನೆಯ ಶೇ. 10 ಸೇರುತ್ತಿರಲಿಲ್ಲ.

5.2 ಶಾಖದ ಮರುಬಳಕೆಯಲ್ಲಿ. ತಣ್ಣಗಾಗಬೇಕಾದ ಬಿಸಿ ದ್ರವದ ಶಾಖವನ್ನು ಬಿಸಿಯಾಗಬೇಕಾದ ತಣ್ಣನೆಯ ದ್ರವಕ್ಕೆ ನೀಡುವುದರಿಂದ ಬಾಯ್ಲರಿನ ಇಂಧನ ಹಾಗೂ ತಂಪುಗೋಪುರದ ನೀರು ಎರಡೂ ಉಳಿಯುತ್ತವೆ. ಇದಕ್ಕಾಗಿ 1970ರ ದಶಕದ ಕೊನೆಯಲ್ಲಿ ರೂಪುಗೊಂಡ ಪಿಂಚ್ ವಿಶ್ಲೇಷಣೆಯ ವಿಧಾನ ಇಂದು ಪ್ರಚಲಿತವಾಗಿದೆ. ಪ್ರತಿ ಪ್ರವಾಹದ ಹರಿವು ಮತ್ತು ತಾಪಮಾನಗಳ ಸರಿಯಾದ ಪಟ್ಟಿ ಇಲ್ಲದೆ ಈ ವಿಶ್ಲೇಷಣೆ ಸಾಧ್ಯವಿಲ್ಲ. ಹಳೆಯ ಪಟ್ಟಿಯನ್ನು ಆಧರಿಸಿ ಕೊಂಡ ಶಾಖ ವಿನಿಮಯಕವು ನಿರೀಕ್ಷಿತ ಫಲ ನೀಡುವುದಿಲ್ಲ.

5.3 ಚಾಲನೆಯ ಹಂತದಲ್ಲಿ. ಉಗಿಬಲೆಯು ತೆರೆದ ಸ್ಥಿತಿಯಲ್ಲಿ ಕೆಟ್ಟರೆ ಉಗಿ ನಿರಂತರವಾಗಿ ನಷ್ಟವಾಗುತ್ತದೆ. ಅದು ಮರುಕೊಳವೆಯ ಒಳಗೇ ಹೋಗುವುದರಿಂದ ಹೊರಗೆ ಕಾಣುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಉಗಿಬಲೆಯನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಬಳಕೆಯಲ್ಲಿಲ್ಲದ ಕೊಳವೆಗೆ ಉಗಿ ಅಥವಾ ಸಂಕುಚಿತ ಗಾಳಿ ಹೋಗುತ್ತಲೇ ಇರುವುದು, ದುರಸ್ತಿಗಾಗಿ ಕಳಚಿದ ಶಾಖನಿರೋಧಕ ಹೊದಿಕೆಯನ್ನು ಪುನಃ ಹಾಕದೆ ಬಿಡುವುದು ಮುಂತಾದವು ಸಹ ನಕ್ಷೆಯೊಡನೆ ಸ್ಥಳವನ್ನು ಹೋಲಿಸಿದಾಗಲೇ ಬೆಳಕಿಗೆ ಬರುತ್ತವೆ.

5.4 ಇಂಧನ ಲೆಕ್ಕಪರಿಶೋಧನೆಯಲ್ಲಿ. ಲೆಕ್ಕಪರಿಶೋಧಕರು ಮೊದಲು ಕೇಳುವುದು ಪ್ರಕ್ರಿಯಾ ನಕ್ಷೆ, ವಿದ್ಯುತ್ ಏಕರೇಖಾ ನಕ್ಷೆ, ಪಂಪು ಹಾಗೂ ಮೋಟಾರುಗಳ ಪಟ್ಟಿ ಮತ್ತು ಮಾಪಕಗಳ ವಾಚನಗಳನ್ನು. ಇವು ಸಿದ್ಧವಿದ್ದಲ್ಲಿ ಅವರ ಸಮಯವು ನಕ್ಷೆ ಹುಡುಕುವುದಕ್ಕೆ ಬದಲಾಗಿ ಅಳತೆ ಮತ್ತು ಪರಿಹಾರಗಳಿಗೆ ದೊರೆಯುತ್ತದೆ.

6. ಇಂಧನ ಉಳಿತಾಯದ ಬದಲಾವಣೆಗಳನ್ನು ದಾಖಲಿಸುವ ಬಗ್ಗೆ

ಅರ್ಜಿದಾರರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಇಂಧನ ಉಳಿಸುವ ಉದ್ದೇಶದಿಂದ ಮಾಡುವ ಬದಲಾವಣೆಯೂ ಸ್ಥಾವರದ ಬದಲಾವಣೆಯೇ ಆಗಿರುತ್ತದೆ. ಪಂಪಿಗೆ ವೇಗ ನಿಯಂತ್ರಕ ಅಳವಡಿಸುವುದು, ತಂಪುಕಾರಕವನ್ನು ನಿಲ್ಲಿಸುವುದು, ಗಾಳಿ ಬೀಸುವ ಯಂತ್ರದ ಗಂಟೆಗಳನ್ನು ಕಡಿಮೆ ಮಾಡುವುದು ಮುಂತಾದ ಕ್ರಮಗಳಿಂದ ವಿದ್ಯುತ್ ಉಳಿಯುತ್ತದೆ. ಆದರೆ ಆ ಸಾಧನವನ್ನು ಮೂಲದಲ್ಲಿ ಏಕೆ ಅಳವಡಿಸಲಾಗಿತ್ತು ಎಂಬುದನ್ನು ವಿನ್ಯಾಸದ ದಾಖಲೆಯಲ್ಲಿ ನೋಡದೆ ಇಂತಹ ತೀರ್ಮಾನ ಕೈಗೊಳ್ಳಬಾರದು.

1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಲ್ಲಿ ಮಿಥೈಲ್ ಐಸೊಸಯನೇಟ್ ಅನಿಲ ಸೋರಿದಾಗ, ಆ ದ್ರವವನ್ನು ತಣ್ಣಗಿರಿಸಬೇಕಾಗಿದ್ದ ಶೈತ್ಯೀಕರಣ ಘಟಕವನ್ನು ಅದೇ ವರ್ಷದ ಜೂನ್ ತಿಂಗಳಿನಿಂದ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾಗಿದ್ದ ಜ್ವಾಲಾಗೋಪುರಕ್ಕೆ ಹೋಗುವ ಕೊಳವೆಯ ಒಂದು ಭಾಗವನ್ನು ದುರಸ್ತಿಗಾಗಿ ತೆಗೆದಿದ್ದುದರಿಂದ ಅದೂ ಉಪಯೋಗಕ್ಕೆ ಬರಲಿಲ್ಲ. ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ನಕ್ಷೆಯಲ್ಲಿ ಇದ್ದ ರಕ್ಷಣೆಯು ಸ್ಥಳದಲ್ಲಿ ಇರಲಿಲ್ಲ.

ಆದ್ದರಿಂದ ಪ್ರತಿ ಬದಲಾವಣೆಗೆ ಮುನ್ನ ಈ ಕೆಳಕಂಡ ಕ್ರಮವನ್ನು ಅನುಸರಿಸುವುದು ಸೂಕ್ತ:

1. ಬದಲಾವಣೆಯ ಪ್ರಸ್ತಾವವನ್ನು ಲಿಖಿತವಾಗಿ ದಾಖಲಿಸುವುದು. ತಾತ್ಕಾಲಿಕವಾದುದಾದರೆ ಅದರ ಅಂತಿಮ ದಿನಾಂಕವನ್ನು ನಮೂದಿಸುವುದು.
2. ಮೂಲ ವಿನ್ಯಾಸದ ಉದ್ದೇಶವನ್ನು ದಾಖಲೆಯಿಂದ ಓದಿ, ಸುರಕ್ಷತೆಯ ಮೇಲಿನ ಪರಿಣಾಮವನ್ನು ಅರ್ಹ ವ್ಯಕ್ತಿಯಿಂದ ಪರಿಶೀಲಿಸುವುದು.
3. ಅನುಮೋದನೆ ಪಡೆದು, ನಕ್ಷೆಯ ಮೇಲೆ ಬದಲಾವಣೆಯನ್ನು ಗುರುತಿಸಿದ ನಂತರವೇ ಕೆಲಸ ಆರಂಭಿಸುವುದು.
4. ಕೆಲಸ ಮುಗಿದ ಬಳಿಕ ನಿರ್ಮಿತ ಸ್ಥಿತಿಯ ನಕ್ಷೆಯನ್ನು ಪ್ರಕಟಿಸಿ, ಎಲ್ಲ ಪಾಳಿಗಳ ಸಿಬ್ಬಂದಿಗೆ ತಿಳಿಸುವುದು.
5. ಉಳಿತಾಯವನ್ನು ಮಾಪಕದಿಂದ ಅಳೆದು ಅದೇ ಕಡತದಲ್ಲಿ ದಾಖಲಿಸುವುದು.

7. ದಾಖಲೆ ವ್ಯವಸ್ಥೆಯಲ್ಲಿಯೂ ಮಿತವ್ಯಯ

ಡಿಜಿಟಲ್ ದಾಖಲೆಗಳನ್ನು ಇರಿಸುವ ಸರ್ವರು, ಜಾಲ ಮತ್ತು ತಂಪುಕಾರಕಗಳೂ ವಿದ್ಯುತ್ ಬಳಸುತ್ತವೆ. ಸದಾ 200 ವ್ಯಾಟ್ ಬಳಸುವ ಒಂದು ಸರ್ವರಿಗೆ ತಂಪುಕಾರಕ ಮೊದಲಾದವುಗಳಿಗಾಗಿ 100 ವ್ಯಾಟ್ ಸೇರಿಸಿದರೆ ವರ್ಷಕ್ಕೆ ಸುಮಾರು 2,600 ಯೂನಿಟ್ ಆಗುತ್ತದೆ. ಮೇಲೆ ತಿಳಿಸಿದ ಒಂದು ಪಂಪಿನ ವ್ಯರ್ಥ ಶಕ್ತಿಯು ಇಂತಹ 10 ಸರ್ವರುಗಳ ಬಳಕೆಗೆ ಸಮ. ವಿದ್ಯುತ್ ಖರ್ಚಿನ ಭಯದಿಂದ ಡಿಜಿಟಲ್ ದಾಖಲೆಯನ್ನು ಕೈಬಿಡಬೇಕಾದ ಕಾರಣವಿಲ್ಲ. ಆದರೂ ಈ ಕೆಳಕಂಡ ಕ್ರಮಗಳಿಂದ ವಿದ್ಯುತ್, ಸ್ಥಳ ಮತ್ತು ಸಮಯ ಮೂರೂ ಉಳಿಯುತ್ತವೆ:

(ಅ) ನಕ್ಷೆಯನ್ನು ಮುದ್ರಿಸಿ ಪುನಃ ಸ್ಕ್ಯಾನ್ ಮಾಡುವ ಬದಲು ವಿನ್ಯಾಸ ತಂತ್ರಾಂಶದಿಂದಲೇ ನೇರವಾಗಿ ಪಿಡಿಎಫ್ ಪಡೆಯುವುದು. ಎ1 ಗಾತ್ರದ ಹಾಳೆಯನ್ನು ಅಂಗುಲಕ್ಕೆ 300 ಬಿಂದುಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 7 ಕೋಟಿ ಬಿಂದುಗಳಾಗಿ, ಸಂಕುಚಿಸದಿದ್ದಲ್ಲಿ ಸುಮಾರು 209 ಮೆಗಾಬೈಟ್ ಸ್ಥಳ ಬೇಕಾಗುತ್ತದೆ. ರೇಖೆಗಳಾಗಿಯೇ ಉಳಿದ ಕಡತವು ಇದಕ್ಕಿಂತ ಬಹಳ ಚಿಕ್ಕದು. ಅದರಲ್ಲಿ ಪಂಪಿನ ಸಂಖ್ಯೆಯನ್ನು ಹುಡುಕಲೂಬಹುದು.

(ಆ) ಹಳೆಯ ಕಾಗದದ ನಕ್ಷೆಗಳನ್ನು ಸ್ಕ್ಯಾನ್ ಮಾಡಲೇಬೇಕಾದಲ್ಲಿ, ಬಣ್ಣದ ಅಗತ್ಯವಿಲ್ಲದ ನಕ್ಷೆಗಳಿಗೆ ಕಪ್ಪು-ಬಿಳುಪು ಸಾಕು. ಮೇಲಿನ ಹಾಳೆಯೇ ಆಗ ಸಂಕುಚಿಸುವ ಮುನ್ನವೇ 9 ಮೆಗಾಬೈಟ್‌ಗಿಂತ ಕಡಿಮೆ ಆಗುತ್ತದೆ.

(ಇ) 10 ಮೆಗಾಬೈಟ್‌ನ ಕಡತವನ್ನು 20 ಜನರಿಗೆ ಮಿಂಚಂಚೆಯಲ್ಲಿ ಕಳುಹಿಸಿದರೆ 200 ಮೆಗಾಬೈಟ್ ಪ್ರತಿಗಳು ಉಂಟಾಗುತ್ತವೆ. ನಕ್ಷೆ ಪರಿಷ್ಕೃತವಾದ ದಿನ ಅವೆಲ್ಲವೂ ಹಳೆಯವಾಗುತ್ತವೆ. ಆದ್ದರಿಂದ ಕೊಂಡಿಯನ್ನು ಕಳುಹಿಸುವುದು.

(ಈ) ಸಂಗ್ರಹಕ್ಕೆ ಸೇರಿದ ಹಳೆಯ ಆವೃತ್ತಿಗಳನ್ನು ಸದಾ ಚಾಲನೆಯಲ್ಲಿರುವ ಸರ್ವರಿನಿಂದ ತೆಗೆದು ಪ್ರತ್ಯೇಕ ಸಂಗ್ರಹದಲ್ಲಿ ಇರಿಸುವುದು. ಇನ್ನೊಂದು ಸುರಕ್ಷಿತ ಪ್ರತಿಯು ಬೇರೊಂದು ಸ್ಥಳದಲ್ಲಿ ಇರಲೇಬೇಕು. ಮಿತವ್ಯಯವು ಈ ಪ್ರತಿಗೆ ಅನ್ವಯಿಸುವುದಿಲ್ಲ.

8. ಕಾನೂನಿನ ಚೌಕಟ್ಟು

*ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000:* 4ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಗಳಿಗೆ ಕಾನೂನಿನ ಮಾನ್ಯತೆ ನೀಡಿದೆ. 5ನೆಯ ಪ್ರಕರಣವು ವಿದ್ಯುನ್ಮಾನ ಸಹಿಗೆ ಮಾನ್ಯತೆ ನೀಡಿದ್ದು, 7ನೆಯ ಪ್ರಕರಣವು ದಾಖಲೆಗಳನ್ನು ವಿದ್ಯುನ್ಮಾನ ರೂಪದಲ್ಲಿ ಕಾಪಾಡುವ ಷರತ್ತುಗಳನ್ನು ಹೇಳುತ್ತದೆ. ದಾಖಲೆಯು ಮುಂದೆಯೂ ಓದಲು ಲಭ್ಯವಿರಬೇಕು ಎಂಬುದು ಅವುಗಳಲ್ಲಿ ಮುಖ್ಯವಾದುದು.

*ಇಂಧನ ಸಂರಕ್ಷಣಾ ಅಧಿನಿಯಮ, 2001:* ಈ ಅಧಿನಿಯಮದಡಿ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೊ ಸ್ಥಾಪನೆಯಾಯಿತು. ಗೊತ್ತುಪಡಿಸಿದ ಬಳಕೆದಾರರು ಇಂಧನ ವ್ಯವಸ್ಥಾಪಕರನ್ನು ನೇಮಿಸಬೇಕು ಮತ್ತು ಮಾನ್ಯತೆ ಪಡೆದ ಲೆಕ್ಕಪರಿಶೋಧಕರಿಂದ ಇಂಧನ ಲೆಕ್ಕಪರಿಶೋಧನೆ ಮಾಡಿಸಬೇಕು. 2012ರಲ್ಲಿ ಆರಂಭವಾದ ಪರ್‌ಫಾರ್ಮ್, ಅಚೀವ್ ಅಂಡ್ ಟ್ರೇಡ್ ಯೋಜನೆಯ ಮೊದಲ ಆವರ್ತವು ಸಿಮೆಂಟ್, ಉಕ್ಕು, ರಸಗೊಬ್ಬರ, ಕಾಗದ ಸೇರಿದಂತೆ 8 ವಲಯಗಳ 478 ಘಟಕಗಳನ್ನು ಒಳಗೊಂಡಿತ್ತು. 2015ರಲ್ಲಿ ಅದು ಮುಗಿದಾಗ 86.7 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ ಉಳಿತಾಯವಾಗಿತ್ತು. ಕರ್ನಾಟಕದಲ್ಲಿ ಈ ಅಧಿನಿಯಮದ ರಾಜ್ಯ ನಿಯೋಜಿತ ಸಂಸ್ಥೆಯು ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ (ಕ್ರೆಡೆಲ್) ಆಗಿರುತ್ತದೆ.

*ಕಾರ್ಖಾನೆಗಳ ಸುರಕ್ಷತೆ:* ಭೋಪಾಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆಗಳ ಅಧಿನಿಯಮ, 1948ಕ್ಕೆ ಅಪಾಯಕಾರಿ ಪ್ರಕ್ರಿಯೆಗಳ ಕುರಿತ ಅಧ್ಯಾಯವನ್ನು ಸೇರಿಸಲಾಯಿತು. 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಜಾರಿಗೆ ಬಂದಿದೆ. ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದು ನಿಯಮಗಳು, 1989ರ ಪ್ರಕಾರ, ಸುರಕ್ಷತಾ ವರದಿ ಸಲ್ಲಿಸಿದ ಅಧಿಭೋಗದಾರರು ಅದರ ಮೇಲೆ ಪರಿಣಾಮ ಬೀರುವ ಮಾರ್ಪಾಟನ್ನು ಕೈಗೊಳ್ಳುವ ಮುನ್ನ ವರದಿಯನ್ನು ಪರಿಷ್ಕರಿಸಬೇಕಾಗುತ್ತದೆ. ನಕ್ಷೆಗಳು ಸದ್ಯದ ಸ್ಥಿತಿಯಲ್ಲಿ ಇಲ್ಲದಿದ್ದರೆ ಈ ಪರಿಷ್ಕರಣೆಗೆ ಆಧಾರವೇ ಇರುವುದಿಲ್ಲ.

9. ಅರ್ಜಿ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

- ಸಲ್ಲಿಸುತ್ತಿರುವ ನಕ್ಷೆಯು ಪ್ರಕಟಿತ ಸ್ಥಿತಿಯಲ್ಲಿದೆಯೇ? ಪರಿಷ್ಕರಣೆ ಸಂಖ್ಯೆ ಮತ್ತು ದಿನಾಂಕ ಇವೆಯೇ?
- ಕಟ್ಟಡದ ನಕ್ಷೆ, ಯಂತ್ರಗಳ ವಿನ್ಯಾಸ ನಕ್ಷೆ ಹಾಗೂ ಯಂತ್ರೋಪಕರಣಗಳ ಪಟ್ಟಿಯಲ್ಲಿ ಅಶ್ವಶಕ್ತಿ ಮತ್ತು ಗುರುತು ಸಂಖ್ಯೆಗಳು ಪರಸ್ಪರ ಹೊಂದುತ್ತವೆಯೇ?
- ಬೇರೆ ಬೇರೆ ಪ್ರಾಧಿಕಾರಗಳಿಗೆ ಸಲ್ಲಿಸುವ ನಕ್ಷೆಗಳು ಒಂದೇ ಮೂಲಪ್ರತಿಯಿಂದ ತಯಾರಾದವುಗಳೇ?
- ಗುತ್ತಿಗೆಯ ಕರಾರಿನಲ್ಲಿ ನಿರ್ಮಿತ ಸ್ಥಿತಿಯ ನಕ್ಷೆಗಳನ್ನೂ ತಿದ್ದಬಹುದಾದ ಮೂಲ ಕಡತಗಳನ್ನೂ ಹಸ್ತಾಂತರಿಸುವ ಷರತ್ತು ಇದೆಯೇ? ಅಂತಿಮ ಕಂತಿನ ಪಾವತಿಯನ್ನು ಈ ಹಸ್ತಾಂತರಕ್ಕೆ ಜೋಡಿಸುವುದು ಒಳ್ಳೆಯದು.
- ದಾಖಲೆಗಳ ಹೊಣೆಯನ್ನು ಹೆಸರಿಸಿದ ಒಬ್ಬ ಸಿಬ್ಬಂದಿಗೆ ಲಿಖಿತವಾಗಿ ವಹಿಸಲಾಗಿದೆಯೇ?

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮದು 20 ಕೆಲಸಗಾರರ ಸಣ್ಣ ಕಾರ್ಖಾನೆ. ವಿಶೇಷ ತಂತ್ರಾಂಶವನ್ನು ಖರೀದಿಸಬೇಕೇ?
ಉತ್ತರ: ಅಗತ್ಯವಿಲ್ಲ. ಒಂದು ಗಣಕಯಂತ್ರದಲ್ಲಿ ಕ್ರಮಬದ್ಧವಾದ ಕಡತಕೋಶ, ದಾಖಲೆಗಳ ಒಂದು ಪಟ್ಟಿ, ಒಬ್ಬ ಹೊಣೆಗಾರ ಮತ್ತು ಹೊರಗಿರಿಸಿದ ಒಂದು ಸುರಕ್ಷಿತ ಪ್ರತಿ ಸಾಕಾಗುತ್ತದೆ. ಪಟ್ಟಿಯನ್ನು ಬದಲಾವಣೆಯ ದಿನವೇ ತಿದ್ದುವ ಶಿಸ್ತು ಮುಖ್ಯ.

ಪ್ರಶ್ನೆ: ಕಾರ್ಖಾನೆ ಹಳೆಯದು; ನಕ್ಷೆಗಳೇ ಇಲ್ಲ. ಎಲ್ಲಿಂದ ಆರಂಭಿಸಬೇಕು?
ಉತ್ತರ: ಅಪಾಯ ಹಾಗೂ ಇಂಧನ ಎರಡೂ ಹೆಚ್ಚಿರುವ ಭಾಗಗಳಿಂದ, ಅಂದರೆ ಬಾಯ್ಲರು ಮತ್ತು ಉಗಿಯ ಕೊಳವೆಗಳು, ಸುರಕ್ಷತಾ ಕವಾಟಗಳು, ವಿದ್ಯುತ್ ಸಂಪರ್ಕಗಳು, ದಹ್ಯ ಅಥವಾ ವಿಷಕಾರಿ ವಸ್ತುಗಳ ಟ್ಯಾಂಕುಗಳಿಂದ. ಸ್ಥಾವರವನ್ನು ಬಲ್ಲ ಹಿರಿಯ ಕೆಲಸಗಾರರೊಡನೆ ಕೊಳವೆಯ ಜಾಡು ಹಿಡಿದು ನಡೆದು, ಕೈಯಿಂದ ನಕ್ಷೆ ಬರೆದು, ನಂತರ ಗಣಕೀಕರಿಸಬಹುದು. ಅವರು ನಿವೃತ್ತರಾಗುವ ಮುನ್ನ ಈ ಕೆಲಸ ಮುಗಿಯುವುದು ಅಪೇಕ್ಷಣೀಯ.

ಪ್ರಶ್ನೆ: ಎಲ್ಲವೂ ಡಿಜಿಟಲ್ ಆದ ಮೇಲೆ ಕಾಗದದ ಪ್ರತಿ ಬೇಕೇ?
ಉತ್ತರ: ತುರ್ತು ಸಂದರ್ಭದಲ್ಲಿ ವಿದ್ಯುತ್ ಮತ್ತು ಜಾಲ ಎರಡೂ ಇಲ್ಲದಿರಬಹುದು. ಅಗ್ನಿಶಾಮಕ ವ್ಯವಸ್ಥೆ, ಮುಖ್ಯ ಕವಾಟಗಳು, ವಿದ್ಯುತ್ ಏಕರೇಖಾ ನಕ್ಷೆ ಮತ್ತು ಸಂಗ್ರಹ ಟ್ಯಾಂಕುಗಳ ನಕ್ಷೆಯ ಮುದ್ರಿತ ಪ್ರತಿಯನ್ನು ದ್ವಾರದ ಬಳಿ ಹಾಗೂ ನಿಯಂತ್ರಣ ಕೊಠಡಿಯಲ್ಲಿ ಇರಿಸುವುದು. ಪ್ರತಿ ಪರಿಷ್ಕರಣೆಯ ನಂತರ ಹಳೆಯ ಹಾಳೆಯನ್ನು ತೆಗೆದು ಹೊಸದನ್ನು ಹಾಕತಕ್ಕದ್ದು.

ಪ್ರಶ್ನೆ: ದಾಖಲೆಗಳನ್ನು ಹಂಚಿಕೊಂಡರೆ ವ್ಯಾಪಾರದ ಗುಟ್ಟು ಹೊರಹೋಗುವುದಿಲ್ಲವೇ?
ಉತ್ತರ: ಹಂಚಿಕೆ ಎಂದರೆ ಸಾರ್ವಜನಿಕ ಪ್ರಕಟಣೆಯಲ್ಲ. ಗುತ್ತಿಗೆದಾರರಿಗೆ ಅವರ ಕೆಲಸದ ಭಾಗವನ್ನು ಮಾತ್ರ, ನಿಗದಿತ ಅವಧಿಗೆ ಓದಲು ನೀಡಬಹುದು. ಆದರೆ ಕೆಲಸಗಾರರ ಪ್ರಾಣರಕ್ಷಣೆಗೆ ಅಗತ್ಯವಾದ ಮಾಹಿತಿಯನ್ನು ಗುಟ್ಟೆಂದು ತಡೆಹಿಡಿಯಲು ಅವಕಾಶವಿಲ್ಲ.

ಪ್ರಶ್ನೆ: ನಕ್ಷೆಗೂ ಸ್ಥಳಕ್ಕೂ ವ್ಯತ್ಯಾಸ ಕಂಡ ಕೆಲಸಗಾರರು ಏನು ಮಾಡಬೇಕು?
ಉತ್ತರ: ಕೆಲಸವನ್ನು ನಿಲ್ಲಿಸಿ ಮೇಲ್ವಿಚಾರಕರ ಗಮನಕ್ಕೆ ತರಬೇಕು. ಇಂತಹ ವರದಿಯನ್ನು ತಪ್ಪೆಂದು ಎಣಿಸದೆ ಸ್ವಾಗತಿಸುವ ವಾತಾವರಣವನ್ನು ಆಡಳಿತವು ಕಲ್ಪಿಸತಕ್ಕದ್ದು. ವ್ಯತ್ಯಾಸವನ್ನು ಮೊದಲು ಕಾಣುವವರು ಕವಾಟವನ್ನು ತಿರುಗಿಸುವವರೇ ಆಗಿರುತ್ತಾರೆ.

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ಲೆಕ್ಕಗಳು ಉದಾಹರಣೆಯ ರೂಪದಲ್ಲಿರುತ್ತವೆ. ಕಾನೂನಿನ ವಿಷಯಗಳಲ್ಲಿ ಸಂಬಂಧಿತ ಅಧಿನಿಯಮ, ಸಂಹಿತೆ ಮತ್ತು ನಿಯಮಗಳ ಅಧಿಕೃತ ಪಾಠವೇ ಅಂತಿಮವಾಗಿರುತ್ತದೆ. ಅರ್ಜಿ ನಮೂನೆ ಮತ್ತು ಶುಲ್ಕದ ವಿವರಗಳಿಗೆ ಆಯಾ ಸೇವೆಯ ಪುಟವನ್ನು ನೋಡಬಹುದು.